ಬಂದವರ ಮಾತು

ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ಬಾಗಿಲಿಗೆ ಯಾರು ಬರುತ್ತಾರೋ ಅವರ ಮಾತಿನಲ್ಲೇ ಅವರನ್ನು ಮಾತಾಡಿಸಬೇಕು. ಇದನ್ನು ಯಾರು ಶುರು ಮಾಡಿದರೋ ದೇವರಿಗೇ ಗೊತ್ತು. ಐದು ಮನೆಮಾತಿನ ಜನ ಗೋಡೆಗೆ ಗೋಡೆ ಅಂಟಿಸಿಕೊಂಡು, ಒಂದೇ ನಲ್ಲಿಯ ಮುಂದೆ ಕೊಡ ಸಾಲಿಟ್ಟುಕೊಂಡು ಬದುಕಬೇಕಾದರೆ ಇಂಥದ್ದೊಂದು ಮಾಡಿಕೊಳ್ಳದೆ ಗತಿಯಿರಲಿಲ್ಲವೇನೋ. ಟೈಲರ್ ಅಕ್ಕ ನಮ್ಮ ಮನೆಗೆ ಬಂದರೆ ನಾನು ಅವಳ ಮಾತಾಡುತ್ತೇನೆ. ನಾನು ಅವಳ ಅಂಗಡಿಗೆ ಹೋದರೆ ಅವಳು ನನ್ನದು ಆಡುತ್ತಾಳೆ. ನಲ್ಲಿಯ ಹತ್ತಿರ ಮಾತ್ರ ಫಜೀತಿ. ಅದು ಯಾರ ಮನೆಯೂ ಅಲ್ಲ. ಅಲ್ಲಿ ಇಬ್ಬರೂ ಮರ್ಯಾದೆಗೆ ಬಿದ್ದು ಎದುರಿನವಳ ಮಾತನ್ನೇ ಆಡುತ್ತಾ, ಇಬ್ಬರೂ ಅದನ್ನು ಕೊಲ್ಲುತ್ತಾ, ಕೊಡ ತುಂಬಿ ಹರಿಯುತ್ತಿದ್ದರೂ ಗಮನವಿಲ್ಲದೆ ನಿಂತಿರುತ್ತಾರೆ.

ಜಗಳ ಮಾತ್ರ ಅವರವರ ಮಾತಿನಲ್ಲಿ. ಬೈಯುವಾಗ ಎಂಥ ಮರ್ಯಾದೆ? ನೋವು, ಅಳು ಕೂಡ ಹಾಗೆಯೇ. ಬೇಕರಿಯವನ ಹೆಂಡತಿ ಐದು ಮಾತಿನಲ್ಲೂ ಗಿರಾಕಿಗಳನ್ನು ನಗಿಸಬಲ್ಲಳು. ಒಲೆಯಿಂದ ತೆಗೆದ ಬಿಸಿ ತಟ್ಟೆ ಕೈಗೆ ತಗುಲಿತೋ, ಬಾಯಿಂದ ಬರುವುದು ಅವಳ ಅಮ್ಮನಿಂದ ಕಲಿತದ್ದೊಂದೇ.

ಇವೆಲ್ಲದರ ಮೇಲೆ ಇನ್ನೊಂದು ಇದೆ. ಡಾಕ್ಟರು, ಪೊಲೀಸರು, ಶಾಲೆಯ ಮೇಷ್ಟರು ಆಡುವುದು. ಅದನ್ನು ನಾವು ಕಚೇರಿ ಭಾಷೆ ಅನ್ನುತ್ತೇವೆ. ನಮ್ಮ ಬೀದಿಯಲ್ಲಿ ಅದು ಯಾರ ಮನೆಮಾತೂ ಅಲ್ಲ, ಆದರೆ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ಈ ಅಷ್ಟಿಷ್ಟು ಅನ್ನುವುದೇ ನಮ್ಮ ಮನೆಗೆ ಮುಳುವಾಯಿತು.

ನಮ್ಮ ಅತ್ತೆಗೆ ಬರುತ್ತಿದ್ದದ್ದು ಏಳೆಂಟು ವಾಕ್ಯ. ಅವರು ನಮ್ಮ ಜಗಲಿಯ ಮೇಲೆ ಗುಂಡಿ, ಹುಕ್ಕು, ದಾರದ ಉಂಡೆ, ಝಿಪ್ಪು ಇಟ್ಟುಕೊಂಡು ಮಾರುತ್ತಿದ್ದರು. ಒಂದು ಶರಟು ತೋರಿಸಿದರೆ ಸಾಕು, ಡಬ್ಬಿಗೆ ಕೈ ಹಾಕಿ ಅದರದೇ ಬಣ್ಣದ, ಅದರದೇ ಗಾತ್ರದ ಗುಂಡಿ ಎತ್ತಿ ಕೊಡುತ್ತಿದ್ದರು. ಕಚೇರಿಗೆ ಹೋಗುವ ಗಿರಾಕಿಗಳು ಬಂದಾಗ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಮಾಡಿಕೊಂಡು, ಶಾಲೆಯ ಮಗು ಪಾಠ ಒಪ್ಪಿಸುವಂತೆ ಹೇಳುತ್ತಿದ್ದರು: "ಬನ್ನಿ, ಕುಳಿತುಕೊಳ್ಳಿ. ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಾ? ಊಟ ಆಯಿತೇ? ತೊಂದರೆ ಏನೂ ಇಲ್ಲ. ನಿಧಾನವಾಗಿ ಹೋಗಿ ಬನ್ನಿ." ಉಚ್ಚಾರಣೆ ಎಷ್ಟು ಚೊಕ್ಕವೆಂದರೆ ಕೇಳಿದವರು ಇವರು ಆ ಮಾತಿನಲ್ಲೇ ಹುಟ್ಟಿ ಬೆಳೆದವರು ಅಂದುಕೊಳ್ಳಬೇಕು. ಅದರಾಚೆಗೆ ಒಂದು ಮಾತು ಬರುತ್ತಿರಲಿಲ್ಲ. ಗಿರಾಕಿ ಮುಂದೇನಾದರೂ ಕೇಳಿದರೆ ನಗುತ್ತಾ ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

"ಅತ್ತೆ, ಇನ್ನೊಂದೆರಡು ಮಾತು ಕಲೀರಿ, ನಾನೇ ಹೇಳಿಕೊಡ್ತೀನಿ" ಅಂದರೆ, "ಬಂದವರನ್ನ ಬನ್ನಿ ಅನ್ನೋಕೆ ಬಂದ್ರೆ ಸಾಕಮ್ಮ, ಉಳಿದಿದ್ದಕ್ಕೆ ನೀನಿದ್ದೀಯಲ್ಲ" ಅನ್ನುತ್ತಿದ್ದರು.

ನಾನಿದ್ದೆ, ನಿಜ. ನನ್ನ ಕೆಲಸವೇ ಅದಾಗಿತ್ತು. ಚಿಕ್ಕಂದಿನಿಂದ ಐದೂ ಮಾತಿನವರ ಅಡುಗೆಮನೆಯಲ್ಲಿ ಕೂತು ಬೆಳೆದವಳು ನಾನು, ಮದುವೆಯಾದದ್ದೂ ಅದೇ ಬೀದಿಗೆ. ಬೀದಿಯ ಕೊನೆಯ ಆಸ್ಪತ್ರೆಯಲ್ಲಿ ದುಭಾಷಿ ಬೇಕು ಅಂದಾಗ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಡಾಕ್ಟರ ಮೇಜಿನ ಪಕ್ಕ, ರೋಗಿಗೂ ಅವರಿಗೂ ನಡುವೆ ಒಂದು ಸ್ಟೂಲು. ಅದರ ಮೇಲೆ ನಾನು. ಬೀದಿಯವರು ನನ್ನನ್ನು "ನಾಲಿಗೆ ಅಕ್ಕ" ಅಂತ ಕರೆಯತೊಡಗಿದ್ದು ಆಗಲೇ. ನನಗೇನೂ ಬೇಜಾರಿಲ್ಲ, ನನ್ನ ನಾಲಿಗೆಯ ಬಗ್ಗೆ ಇದಕ್ಕಿಂತ ಕೆಟ್ಟದ್ದನ್ನೂ ಅಂದಿದ್ದಾರೆ.

ಆ ಕೆಲಸಕ್ಕೆ ಒಂದು ನಿಯಮವಿದೆ. ರೋಗಿ "ನನಗೆ ಹೊಟ್ಟೆನೋವು" ಅಂದರೆ ದುಭಾಷಿ "ಅವರಿಗೆ ಹೊಟ್ಟೆನೋವಂತೆ" ಅನ್ನಬಾರದು. ತಾನೂ "ನನಗೆ ಹೊಟ್ಟೆನೋವು" ಅನ್ನಬೇಕು. ಕಲಿಸಿಕೊಟ್ಟ ಹಿರಿಯ ನರ್ಸಮ್ಮ ಮೊದಲ ದಿನವೇ ಹೇಳಿದ್ದರು: "ನೀನು ಅಲ್ಲಿ ಇಲ್ಲ ಅಂತಲೇ ತಿಳ್ಕೋ. ಸ್ಟೂಲಿನ ಮೇಲೆ ಕೂತಿರೋದೂ ರೋಗಿನೇ." ಹಾಗಾಗಿ ನನಗೆ ಬಾರದ ಕಾಯಿಲೆಯಿಲ್ಲ. ಮೂತ್ರಪಿಂಡದಲ್ಲಿ ಕಲ್ಲು ಬಂದಿದೆ, ಗರ್ಭ ಇಳಿದಿದೆ, ಮುದುಕರ ಪರವಾಗಿ ಹೇಳಲು ನಾಚಿಕೆಯಾಗುವ ತೊಂದರೆಗಳೂ ಆಗಿವೆ. ನನ್ನ ಗಂಡ ಲಾರಿ ಓಡಿಸುವವರು, ಬಂದಾಗಲೆಲ್ಲ "ಇವತ್ತು ನಿನಗೆ ಏನಾಗಿತ್ತು?" ಅಂತ ಕೇಳಿ ನಗುತ್ತಿದ್ದರು. ಮೇಲೆ ನಗುತ್ತಿದ್ದೆವು ಅಷ್ಟೇ. ದಿನವಿಡೀ ಬೇರೆಯವರ ನೋವನ್ನು ನನಗೆ ನನಗೆ ಅಂತ ಹೇಳಿ ಬಂದವಳಿಗೆ ರಾತ್ರಿ ಮೈಯೆಲ್ಲ ಭಾರವಾಗುತ್ತದೆ. ಆದರೂ ಆ ಸ್ಟೂಲು ನನಗೆ ಪ್ರಾಣವಾಗಿತ್ತು.

ಆ ಹುಡುಗಿ ಬಂದದ್ದು ಒಂದು ಮಳೆಗಾಲದ ಮೊದಲಲ್ಲಿ. ವಿಶ್ವವಿದ್ಯಾಲಯದವಳು. ಬಗಲಲ್ಲಿ ಚೀಲ, ಕೈಯಲ್ಲಿ ರೆಕಾರ್ಡರು, ಕಾಲಲ್ಲಿ ಈ ಬೀದಿಯ ಕೆಸರಿಗೆ ಹೊಂದದ ಬಿಳಿ ಶೂ. ಭಾಷಾ ವೈವಿಧ್ಯದ ಅಧ್ಯಯನವಂತೆ. ಇಷ್ಟು ಮಾತಿನ ಜನ ಇಷ್ಟು ಇಕ್ಕಟ್ಟಿನಲ್ಲಿ ತಲೆ ಒಡೆದುಕೊಳ್ಳದೆ ಹೇಗೆ ಬದುಕುತ್ತಾರೆ ಅಂತ ನೋಡಬೇಕಿತ್ತಂತೆ. "ತಲೆನೂ ಒಡ್ಕೋತೀವಿ, ನೀನು ನಲ್ಲಿ ಹತ್ರ ಬಾ" ಅಂದೆ. ನಕ್ಕಳು. ನನಗೆ ಇಷ್ಟವಾದಳು. ಅದನ್ನು ಈಗ ಹೇಳಿಕೊಳ್ಳಲು ಸಿಟ್ಟು ಬರುತ್ತದೆ, ಆದರೆ ಇಷ್ಟವಾದದ್ದು ಸುಳ್ಳಲ್ಲ.

ಪ್ರತಿ ಬಾಗಿಲಿಗೂ ಹೋದಳು. ಅಡುಗೆಮನೆಯಲ್ಲಿ ಯಾವ ಮಾತು, ಮಕ್ಕಳ ಜೊತೆ ಯಾವುದು, ಕನಸು ಯಾವುದರಲ್ಲಿ ಬೀಳುತ್ತದೆ ಅಂತ ಕೂಡ ಕೇಳಿದಳು. ಟೈಲರ್ ಅಕ್ಕ "ಕನಸಲ್ಲಿ ಹೊಲಿಗೆ ಮಿಷನ್ ಸದ್ದು ಬಿಟ್ಟು ಬೇರೇನೂ ಕೇಳಲ್ಲ" ಅಂದಳಂತೆ. ಹುಡುಗಿ ಅದನ್ನೂ ಬರೆದುಕೊಂಡಳು. ಅತ್ತೆ ಅವಳಿಗೆ "ಕೇಳೋ ಹುಡುಗಿ" ಅಂತ ಹೆಸರಿಟ್ಟು, ಜಗಲಿಯ ಮೇಲೆ ತಮ್ಮ ಚಾಪೆಯ ಅರ್ಧ ಬಿಟ್ಟುಕೊಟ್ಟರು. ಅವಳ ಕೋಟಿನ ಬಿದ್ದುಹೋಗಿದ್ದ ಗುಂಡಿಗೆ ಜೊತೆ ಹುಡುಕಿ, ತಾವೇ ಹೊಲಿದು ಕೊಟ್ಟರು.

ಎಲ್ಲರೂ ಅವಳ ಜೊತೆ ಆಡಿದ್ದು ಕಚೇರಿ ಭಾಷೆ. ಬೇರೆ ಹೇಗೆ ಸಾಧ್ಯ? ಬಾಗಿಲಿಗೆ ಬಂದವಳು ಅವಳು. ಬೀಗ ರಿಪೇರಿಯವನ ತಾಯಿ ತನಗೆ ಅದರಲ್ಲಿ ಬರುತ್ತಿದ್ದ ಮೂರೇ ಪದಗಳನ್ನೂ ಒರೆಸಿ, ಬೆಳಗಿ, ತಟ್ಟೆಯಲ್ಲಿಟ್ಟು ಕೊಡುವ ಹಾಗೆ ಕೊಟ್ಟಳು. ಬರದ ಕಡೆ ನಕ್ಕರು, ತಲೆಯಾಡಿಸಿದರು, ಹೌದು ಹೌದು ಅಂದರು. ಹುಡುಗಿ ರೆಕಾರ್ಡರು ಹಿಡಿದು "ಅಜ್ಜಿ, ನಿಮಗೆ ಈ ಭಾಷೆ ಚೆನ್ನಾಗಿ ಅರ್ಥ ಆಗುತ್ತಾ?" ಅಂದಾಗ ಅತ್ತೆ ಹೇಳಿದ್ದು, "ಚೆನ್ನಾಗಿದ್ದೇನೆ. ತೊಂದರೆ ಏನೂ ಇಲ್ಲ. ಊಟ ಆಯಿತೇ?"

ಹುಡುಗಿಯ ಕಣ್ಣಲ್ಲಿ ನೀರೇ ಬಂತು. ಅವಳ ಮನೆಯಲ್ಲಿ ಊಟ ಆಯಿತೇ ಅಂತ ಕೇಳುವವರು ಯಾರೂ ಇರಲಿಲ್ಲವಂತೆ.

ವರದಿ ಬಂತು. ಪತ್ರಿಕೆಯಲ್ಲೂ ಬಂತು, ನಮ್ಮ ನಲ್ಲಿಯ ಚಿತ್ರ ಸಮೇತ. ಐದು ಮಾತು, ಒಂದು ಬೀದಿ, ಜಗಳವಿಲ್ಲ ಅಂತ. ಜಗಳವಿಲ್ಲ ಅನ್ನುವುದನ್ನು ಓದಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ವರದಿಯಲ್ಲಿ ಅವಳು ನಮ್ಮ ಪದ್ಧತಿಯ ಬಗ್ಗೆ ಬರೆದಿದ್ದಳು, ಸುಳ್ಳು ಹೇಳಬಾರದು. ಬೇರೆಯವರ ಮಾತಿಗೆ ಇಷ್ಟು ಗೌರವ ಕೊಡುವ ಜನರನ್ನು ತಾನು ಕಂಡಿಲ್ಲ ಅಂತ ಬರೆದಿದ್ದಳು. ಅದರ ಕೆಳಗೇ ಇನ್ನೊಂದು ಸಾಲಿತ್ತು: ದಿನನಿತ್ಯದ ವ್ಯವಹಾರಕ್ಕೆ ಬೀದಿಯ ಎಲ್ಲರೂ ಕಚೇರಿ ಭಾಷೆಯನ್ನು ಆರಾಮವಾಗಿ ಬಳಸುತ್ತಾರೆ.

ಆಸ್ಪತ್ರೆಯ ಮೇಲಿನವರು ಗೌರವದ ಸಾಲನ್ನು ಬಿಟ್ಟು ಕೆಳಗಿನದನ್ನು ಓದಿಕೊಂಡರು. ಎಲ್ಲರಿಗೂ ಬರುತ್ತದಲ್ಲ, ಮತ್ತೆ ದುಭಾಷಿ ಯಾಕೆ? ಒಂದು ಬೆಳಿಗ್ಗೆ ನಾನು ಹೋದಾಗ ಮೇಜಿನ ಪಕ್ಕ ಸ್ಟೂಲು ಇರಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡ ಮನಸ್ಸು. ನೆಲಮಾಳಿಗೆಯ ಬಟ್ಟೆ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ. ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಮಡಚಿ, ವಾರ್ಡಿನ ಪ್ರಕಾರ ಜೋಡಿಸಬೇಕು. ಉಗಿಯ ಯಂತ್ರದ ಸದ್ದಿಗೆ ಯಾವ ಭಾಷೆಯೂ ಕೇಳಿಸುವುದಿಲ್ಲ. ಐದು ಮಾತು ಬರುವವಳನ್ನು ತಂದು ಮಾತೇ ಬೇಡದ ಜಾಗದಲ್ಲಿ ಕೂರಿಸಿದರು. ನಾನು ಬೈದುಕೊಂಡೆ, ಖಂಡಿತ ಬೈದುಕೊಂಡೆ, ನನ್ನ ಮಾತಿನಲ್ಲೇ.

ಅತ್ತೆಗೆ ಮಾತ್ರ ಅದು ಅರ್ಥವಾಗಲೇ ಇಲ್ಲ. "ಕೇಳೋ ಹುಡುಗಿ ನಮ್ಮನ್ನ ಹೊಗಳಿ ಬರೆದಿದ್ದಾಳಲ್ಲ? ಹೊಗಳಿದ್ರೆ ಕೆಲಸ ಹೋಗುತ್ತಾ?" ಅಂತ ಕೇಳುತ್ತಿದ್ದರು.

ಅವರಿಗೆ ಎದೆನೋವು ಬಂದದ್ದು ನಾನು ಕೆಲಸಕ್ಕೆ ಹೊರಟ ಮೇಲೆ. ಗುಂಡಿಯ ಡಬ್ಬಿಗಳನ್ನು ಜಗಲಿಗೆ ತರುವಾಗ ಕೂತುಬಿಟ್ಟರಂತೆ. ಎದುರು ಮನೆಯ ಟೈಲರ್ ಅಕ್ಕ ಓಡಿ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅತ್ತೆ ಎಲ್ಲ ಹೇಳಿದರಂತೆ, ನಮ್ಮ ಮಾತಿನಲ್ಲಿ. ಟೈಲರ್ ಅಕ್ಕನಿಗೆ ನಮ್ಮದು ಚೆನ್ನಾಗಿ ಬರುತ್ತದೆ. ಆದರೆ ಬಾಗಿಲಲ್ಲಿ ಕಾವಲಿನವನು ರೋಗಿಯೊಬ್ಬರೇ ಒಳಗೆ ಅಂದುಬಿಟ್ಟ. "ಸೊಸೆನ ಕರೀರಿ, ಕೆಳಗಡೆ ಇದ್ದಾಳೆ" ಅಂತ ಅವಳು ಬಂದಷ್ಟು ಕಚೇರಿ ಭಾಷೆಯಲ್ಲಿ, ಕೈಸನ್ನೆಯಲ್ಲಿ ಹೇಳಿದರೆ, "ಅಜ್ಜಿಗೆ ಮಾತು ಬರುತ್ತಲ್ಲಮ್ಮ, ನನ್ನನ್ನೇ ಚೆನ್ನಾಗಿದ್ದೀರಾ ಅಂತ ಕೇಳಿದ್ರು" ಅಂದನಂತೆ.

ಒಳಗೆ ಮಂಚದ ಮೇಲೆ ಮಲಗಿಸಿದರು. ಹೊಸದಾಗಿ ಬಂದಿದ್ದ ಎಳೆಯ ಡಾಕ್ಟರು ಬಂದು ಕೇಳಿದರು. ಅವರು ಕೆಟ್ಟವರಲ್ಲ. ಬಗ್ಗಿ, ಕೈ ಹಿಡಿದು, ಎಲ್ಲಿ ನೋವು ಅಜ್ಜಿ ಅಂತ ಕೇಳಿದರಂತೆ. ಅತ್ತೆಯ ಲೆಕ್ಕ ನನಗೆ ಗೊತ್ತು. ಮಂಚದಲ್ಲಿ ಮಲಗಿದವರು ಅತ್ತೆ, ಹತ್ತಿರ ಬಂದವರು ಡಾಕ್ಟರು. ಅಂದ ಮೇಲೆ ಅದು ಅತ್ತೆಯ ಜಗಲಿಯೇ ಆಯಿತು, ಡಾಕ್ಟರು ಬಂದವರಾದರು. ಬಂದವರ ಮಾತಿನಲ್ಲೇ ಮಾತಾಡಿಸಿದರು: "ಬನ್ನಿ, ಕುಳಿತುಕೊಳ್ಳಿ. ನಾನು ಚೆನ್ನಾಗಿದ್ದೇನೆ. ತೊಂದರೆ ಏನೂ ಇಲ್ಲ. ಊಟ ಆಯಿತೇ?" ನರ್ಸು ಆಮೇಲೆ ನನಗೆ ಹೇಳಿದಳು, ಎಷ್ಟು ನಯವಾದ ಅಜ್ಜಿ ಅಂತ ವಾರ್ಡಿನವರೆಲ್ಲ ಮಾತಾಡಿಕೊಂಡರಂತೆ. ಎದೆ ಒತ್ತಿಕೊಂಡದ್ದನ್ನು ಕಂಡು ಹೊಟ್ಟೆಯ ಉರಿ ಇರಬೇಕು ಅಂತ ಒಂದು ಮಾತ್ರೆ ಕೊಟ್ಟು, ಸ್ವಲ್ಪ ಹೊತ್ತು ಮಲಗಿದ್ದು ಹೋಗಿ ಅಂದರಂತೆ. ಡಾಕ್ಟರು ಬೇರೆ ರೋಗಿಯ ಕಡೆ ಹೋದರು.

ನಾನು ಅದೇ ಹೊತ್ತಿಗೆ ಅದೇ ಕಟ್ಟಡದ ಕೆಳಗೆ, ಅದೇ ವಾರ್ಡಿನ ಬಟ್ಟೆ ಮಡಚುತ್ತಿದ್ದೆ. ಕಾವಲಿನವನ ಮನಸ್ಸು ಕೊನೆಗೂ ಕರಗಿ, ಅವನು ಯಾರನ್ನೋ ಕಳಿಸಿ, ನಾನು ಮೆಟ್ಟಿಲು ಹತ್ತಿ ಓಡಿಬರುವಷ್ಟರಲ್ಲಿ ಅತ್ತೆಯ ಮುಖದ ಮೇಲೆ ಬಟ್ಟೆ ಎಳೆದಿದ್ದರು. ನಾನೇ ಮಡಚಿ ಕಳಿಸಿದ ಬಟ್ಟೆ. ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು.

ಆ ದಿನ ನಾನು ಅಳಲಿಲ್ಲ. ಅಳಲು ಬಿಡುವೆಲ್ಲಿ? ಬಾಗಿಲಿಗೆ ಜನ ಬರುತ್ತಲೇ ಇದ್ದರು. ಬೇಕರಿಯವನ ಹೆಂಡತಿ ಬಂದಳು, ಅವಳ ಮಾತಿನಲ್ಲಿ ಹೇಗಾಯಿತು ಅಂತ ಹೇಳಿದೆ. ಬೀಗ ರಿಪೇರಿಯವನ ತಾಯಿ ಬಂದಳು, ಅವಳದರಲ್ಲಿ ಹೇಳಿದೆ. ಆಸ್ಪತ್ರೆಯವರು ಬಂದರು, ಅವರಿಗೆ ಕಚೇರಿ ಭಾಷೆ. ಗಂಡ ಲಾರಿ ಬಿಟ್ಟು ಬಸ್ಸು ಹಿಡಿದು ಬರುವಷ್ಟರಲ್ಲಿ ಒಂದೇ ಸಾವನ್ನು ಅಷ್ಟು ಮಾತುಗಳಲ್ಲಿ ಹೇಳಿ ಹೇಳಿ ಗಂಟಲು ಒಣಗಿತ್ತು. ನನ್ನ ಮಾತಿನಲ್ಲಿ ಒಂದು ಸಲ ಅತ್ತೇ ಅಂತ ಕೂಗಲು ಅವಕಾಶವೇ ಸಿಗಲಿಲ್ಲ. ಆಮೇಲೆ ಅದು ಹೊರಗೆ ಬರಲೇ ಇಲ್ಲ, ಒಳಗೇ ಗಟ್ಟಿಯಾಗಿ ಕೂತಿತು.

ಸುದ್ದಿ ಕೇಳಿ ಹುಡುಗಿ ಬಂದಳು. ಈ ಸಲ ಶೂ ಬಿಳಿಯಿರಲಿಲ್ಲ. ಜಗಲಿಯ ಕೆಳಗೇ ನಿಂತಳು, ಮೇಲೆ ಬಾ ಅಂತ ನಾನೂ ಅನ್ನಲಿಲ್ಲ. ಅತ್ತೆ ಹೊಲಿದ ಗುಂಡಿ ಅವಳ ಕೋಟಿನಲ್ಲಿ ಇತ್ತು.

"ಅಕ್ಕ, ಅಜ್ಜಿ ಧ್ವನಿ ನನ್ನ ಹತ್ರ ಇದೆ. ನಿಮಗೆ ಕೊಡೋಣ ಅಂತ" ಅಂದಳು.

ರೆಕಾರ್ಡರು ಹಾಕಿದಳು. ಬನ್ನಿ, ಕುಳಿತುಕೊಳ್ಳಿ. ನಾನು ಚೆನ್ನಾಗಿದ್ದೇನೆ. ತೊಂದರೆ ಏನೂ ಇಲ್ಲ.

"ನಮ್ಮ ಮಾತಲ್ಲಿ ಆಡಿದ್ದು ಇಲ್ವಾ?" ಅಂದೆ.

ಅವಳು ಹುಡುಕಿದಳು. ಮುಂದೆ ಓಡಿಸಿದಳು, ಹಿಂದೆ ಓಡಿಸಿದಳು. ಎಲ್ಲೂ ಇರಲಿಲ್ಲ. ಅಷ್ಟು ದಿನ ಜಗಲಿಯ ಮೇಲೆ ಅತ್ತೆಯ ಪಕ್ಕ ಕೂತಿದ್ದಳು. ಭಾಷೆಗಳ ಅಧ್ಯಯನಕ್ಕೇ ಬಂದವಳು. ಅತ್ತೆಯ ಭಾಷೆ ಅವಳ ಹತ್ತಿರ ಒಂದು ಸಾಲೂ ಇರಲಿಲ್ಲ, ಯಾಕೆಂದರೆ ಅವಳಿದ್ದಾಗಲೆಲ್ಲ ಅತ್ತೆ ಅವಳದನ್ನೇ ಆಡಿದ್ದರು. ಅವಳ ಮುಖ ಬಾಡಿಹೋಯಿತು. "ನಾನು ಬಂದ ತಕ್ಷಣ ನಿಮ್ಮ ಮಾತು ನಿಂತುಬಿಡ್ತಿತ್ತು, ಅಲ್ವಾ ಅಕ್ಕ?" ಅಂದಳು. ಚೆನ್ನಾಗಿ ಬೈದು ಕಳಿಸಬೇಕು ಅಂದುಕೊಂಡಿದ್ದೆ. ಆ ಗುಂಡಿ ನೋಡಿ ಆಗಲಿಲ್ಲ.

ಅವಳು ಸುಮ್ಮನೆ ಕೂರಲಿಲ್ಲ, ಅದೊಂದು ಮೆಚ್ಚಬೇಕು. ತನ್ನ ವರದಿಯಲ್ಲಿ ತಪ್ಪಿದೆ ಅಂತ ತಾನೇ ಬರೆದು ಕೊಟ್ಟಳು. ಅಲ್ಲಿ ಇಲ್ಲಿ ಓಡಾಡಿ, ಆಸ್ಪತ್ರೆಯ ಮೇಲಧಿಕಾರಿ ಬೀದಿಯವರ ಅಹವಾಲು ಕೇಳುವಂತೆ ಮಾಡಿದಳು. ಆಸ್ಪತ್ರೆಯ ಮಹಡಿಯಲ್ಲಿ, ಅವರ ಕೋಣೆಯಲ್ಲಿ. ಜನಕ್ಕೆ ನಿಜವಾಗಿಯೂ ಕಷ್ಟವಿದೆ ಅಂತ ಕಂಡರೆ ಸ್ಟೂಲು ವಾಪಸು ಬರುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಹಿಂದಿನ ದಿನ ಎಲ್ಲರನ್ನೂ ಟೈಲರ್ ಅಕ್ಕನ ಅಂಗಡಿಯಲ್ಲಿ ಸೇರಿಸಿದೆ. "ನೋಡಿ, ನಾಳೆ ನಾವು ಅವರ ಬಾಗಿಲಿಗೆ ಹೋಗ್ತಿರೋದು. ಬಂದವರು ನಾವು. ಪದ್ಧತಿ ಪ್ರಕಾರ ನಮ್ಮ ಮಾತೇ ನಡೀಬೇಕು. ಒಬ್ಬರ ಬಾಯಲ್ಲೂ ಕಚೇರಿ ಭಾಷೆ ಬರಕೂಡದು."

"ಅವರಿಗೆ ನಮ್ಮ ಮಾತು ಅರ್ಥ ಆಗಲ್ವಲ್ಲೇ?" ಅಂದಳು ಬೇಕರಿಯವನ ಹೆಂಡತಿ.

"ಅದನ್ನ ತೋರಿಸೋಕೇ ಅಲ್ವಾ ಹೋಗ್ತಿರೋದು!"

ಎಲ್ಲರೂ ನಕ್ಕರು, ಒಪ್ಪಿದರು. ಅತ್ತೆ ಹೋದ ಮೇಲೆ ಬೀದಿ ನಕ್ಕಿದ್ದು ಅದೇ ಮೊದಲು.

ಮರುದಿನ ಕೋಣೆಯ ಹೊರಗಿನ ಬೆಂಚಿನಲ್ಲಿ ಸಾಲಾಗಿ ಕೂತೆವು. ಒಳಗೆ ಕರೆಯುತ್ತಾರೆ ಅಂತ ಕಾದೆವು. ನಡೆದದ್ದೇ ಬೇರೆ. ಅಧಿಕಾರಿ ಒಳ್ಳೆಯ ಮನುಷ್ಯ. ಕೋಣೆ ಚಿಕ್ಕದು, ಇಷ್ಟು ಜನ ಹೆಂಗಸರು, ವಯಸ್ಸಾದವರು ಬೇರೆ, ಅವರನ್ನೇಕೆ ಎಬ್ಬಿಸುವುದು ಅಂತ ತಾನೇ ಎದ್ದು, ತನ್ನ ಕುರ್ಚಿಯನ್ನು ತಾನೇ ಎಳೆದುಕೊಂಡು, ಹೊರಗೆ ನಮ್ಮ ಬೆಂಚಿನ ಹತ್ತಿರ ಬಂದ. ಬಂದುಬಿಟ್ಟ! ಆ ಬೆಂಚು ಆ ಗಳಿಗೆಯಲ್ಲೇ ನಮ್ಮ ಜಗಲಿಯಾಯಿತು.

"ನಮಸ್ಕಾರ. ಬರೋಕೆ ಕಷ್ಟ ಆಗಲಿಲ್ಲ ತಾನೇ?" ಅಂದ.

"ತೊಂದರೆ ಏನೂ ಇಲ್ಲ. ನೀವು ಕುಳಿತುಕೊಳ್ಳಿ" ಅಂದಳು ಟೈಲರ್ ಅಕ್ಕ. ಅಂದ ಮೇಲೆ ಬಾಯಿಗೆ ಕೈ ಇಟ್ಟುಕೊಂಡಳು.

"ಆಸ್ಪತ್ರೆಯಲ್ಲಿ ಮಾತಿಗೆ ಸಮಸ್ಯೆ ಆಗ್ತಿದೆ ಅಂತ ಕೇಳಿದೆ. ನಿಜಾನಾ?"

"ಚೆನ್ನಾಗಿದೆ, ಚೆನ್ನಾಗಿದೆ" ಅಂದಳು ಬೀಗ ರಿಪೇರಿಯವನ ತಾಯಿ, ಇದ್ದಷ್ಟೂ ಹಲ್ಲು ತೋರಿಸುತ್ತಾ. ಬೇಕರಿಯವನ ಹೆಂಡತಿ ನನ್ನ ಕಡೆ ಅಳುಮುಖ ಮಾಡಿ ನೋಡಿದಳು, ಆಮೇಲೆ ಅವನ ಕಡೆ ತಿರುಗಿ "ಚಹಾ ಆಯಿತೇ?" ಅಂದಳು. ತಡೆದುಕೊಳ್ಳಲು ಅವಳ ಕೈಲಿ ಆಗಲಿಲ್ಲ. ಎದುರಿಗೆ ಬಂದು ಕೂತವನನ್ನು ಅವನಿಗೆ ತಿಳಿಯದ ಮಾತಿನಲ್ಲಿ ಮಾತಾಡಿಸುವುದು ನಮ್ಮ ಬೀದಿಯಲ್ಲಿ ಉಗಿದ ಹಾಗೆ.

ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ತಾನೊಮ್ಮೆ ಕಿವಿಯಾರೆ ಕೇಳಿ ನಂಬಿದ್ದನ್ನು ಮತ್ತೆ ಮೊದಲಿನಿಂದ ಕೇಳುತ್ತಿದ್ದಳು.

ನಾನು ಎದ್ದೆ. "ಸರ್, ಇವರಿಗೆ ಬರೋದು ಇಷ್ಟೇ. ಮರ್ಯಾದೆ ಮಾತು ಮಾತ್ರ ಬರುತ್ತೆ, ಕಷ್ಟ ಹೇಳೋಕೆ ಬರಲ್ಲ. ನಮ್ಮ ಅತ್ತೆನೂ ಹೀಗೇ..." ಅಂತ ವಿವರಿಸತೊಡಗಿದೆ.

ಅವನು ಪ್ರೀತಿಯಿಂದಲೇ ನಕ್ಕ. "ನೀವಂತೂ ನನಗಿಂತ ಚೆನ್ನಾಗಿ ಮಾತಾಡ್ತೀರಲ್ಲಮ್ಮ."

ಚೆನ್ನಾಗಿ ಮಾತಾಡಿದರೆ ಮಾತು ಬರುತ್ತದೆ ಅನ್ನುತ್ತಾರೆ. ಮಾತಾಡದಿದ್ದರೆ ಹೇಳಿಕೊಳ್ಳಲು ಏನೂ ಇಲ್ಲ ಅನ್ನುತ್ತಾರೆ. ಅವನು ಗಡಿಯಾರ ನೋಡಿಕೊಂಡ. ಏಳುವವನಿದ್ದ. ಎದ್ದರೆ ಮುಗಿಯಿತು. ನಾಳೆ ಈ ಬೆಂಚಿನಲ್ಲಿ ಕೂತವರಲ್ಲೇ ಯಾರಾದರೊಬ್ಬರು ಆ ಮಂಚದ ಮೇಲೆ ಮಲಗಿ ಊಟ ಆಯಿತೇ ಅಂತ ಕೇಳುತ್ತಾ ಸಾಯುತ್ತಾರೆ.

ನನಗೆ ಬರುವ ಕೆಲಸ ಒಂದೇ. ನಾನು ಅವನಿಗೂ ಬೆಂಚಿಗೂ ನಡುವೆ, ಸ್ಟೂಲು ಇರಬೇಕಾದ ಜಾಗದಲ್ಲಿ ಹೋಗಿ ನಿಂತೆ. ಎರಡೂ ಕೈ ಮುಂದೆ ಕಟ್ಟಿದೆ. ಟೈಲರ್ ಅಕ್ಕ ದಾರಿಯಲ್ಲಿ ಕೇಳಿಸಿಕೊಂಡು ನನಗೆ ತಂದು ಒಪ್ಪಿಸಿದ್ದ ಅತ್ತೆಯ ಮಾತುಗಳನ್ನು ಒಂದೊಂದಾಗಿ ಕಚೇರಿ ಭಾಷೆಗೆ ತಂದೆ, ನಿಯಮದ ಪ್ರಕಾರ.

"ನಾನು ಗುಂಡಿ ಮಾರೋಳು. ಬೆಳಿಗ್ಗೆ ಡಬ್ಬಿ ಎತ್ತುವಾಗ ಶುರುವಾಯ್ತು. ಎದೆ ಮೇಲೆ ಯಾರೋ ಕಲ್ಲು ಇಟ್ಟು ಒತ್ತಿದ ಹಾಗೆ ಆಗ್ತಿದೆ. ಎಡಗೈ ಎತ್ತೋಕೆ ಆಗ್ತಿಲ್ಲ, ಬೆರಳ ತನಕ ಸೆಳೀತಿದೆ. ದವಡೆನೂ ಹಿಡ್ಕೊಂಡಿದೆ. ಮೈಯೆಲ್ಲ ತಣ್ಣನೆ ಬೆವರು. ಉಸಿರು ಅರ್ಧಕ್ಕೇ ನಿಲ್ತಿದೆ. ನನಗೆ ಹೆದರಿಕೆ ಆಗ್ತಿದೆ. ನನ್ನ ಸೊಸೆ ಕೆಳಗಡೆ ಇದ್ದಾಳೆ, ಅವಳನ್ನ ಕರೀರಿ. ಅವಳು ಹೇಳ್ತಾಳೆ. ಬೇಗ ಕರೀರಿ."

ಅಧಿಕಾರಿಯ ಕುರ್ಚಿ ಹಿಂದಕ್ಕೆ ಬಿತ್ತು. "ಯಾರಲ್ಲಿ! ಡಾಕ್ಟರನ್ನ ಕರೀರಿ! ಓಡಿ!" ಅಂತ ಕೂಗಿದ. ಯಾರೋ ನನ್ನ ತೋಳು ಹಿಡಿದು ಬೆಂಚಿನ ಮೇಲೆ ಒರಗಿಸಿದರು. ಗಾಲಿಕುರ್ಚಿ ಬಂತು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಅಬ್ಬಾ, ಎಷ್ಟು ಬೇಗ ಬರುತ್ತಾರೆ ಇವರು, ಹೇಳಿದ್ದು ಅರ್ಥವಾದರೆ! ಇಡೀ ಆಸ್ಪತ್ರೆ ಅತ್ತೆಗಾಗಿ ಓಡಿಬರುತ್ತಿತ್ತು.

ಬಂದದ್ದು ಅದೇ ಎಳೆಯ ಡಾಕ್ಟರು. ನನ್ನ ಮುಂದೆ ಮಂಡಿಯೂರಿ ಕೂತು, ನಾಡಿ ಹಿಡಿದು, ಮುಖದ ಹತ್ತಿರ ಮುಖ ತಂದು ಕೇಳಿದರು: "ಎಲ್ಲಿ ನೋವು ಅಮ್ಮಾ? ನನಗೆ ಹೇಳಿ."

ಹಣೆಯ ಮೇಲೆ ಬೆವರು, ಓಡಿಬಂದ ಏದುಸಿರು. ನನಗೆ ಮಗನಾಗುವಷ್ಟು ಚಿಕ್ಕ ವಯಸ್ಸು. ಇಷ್ಟು ಅಕ್ಕರೆಯಿಂದ ಒಬ್ಬ ಹುಡುಗ ಬಂದು ಬಗ್ಗಿ ಕೇಳಿದರೆ, ಅವನ ಮನಸ್ಸಿಗೆ ನೋವಾಗುವಂಥದ್ದನ್ನು ಬಾಯಿ ಹೇಳುವುದಿಲ್ಲ. ಅದು ನನಗೆ ಗೊತ್ತಾದದ್ದು ಆಗಲೇ. ನಾನು ಅತ್ತೆಯ ಪರವಾಗಿ ಹೇಳಿದೆನೋ, ನಾನಾಗಿಯೇ ಹೇಳಿದೆನೋ, ಇವತ್ತಿಗೂ ತಿಳಿಯದು.

"ಬನ್ನಿ, ಕುಳಿತುಕೊಳ್ಳಿ. ನಾನು ಚೆನ್ನಾಗಿದ್ದೇನೆ. ತೊಂದರೆ ಏನೂ ಇಲ್ಲ. ಊಟ ಆಯಿತೇ?"

ನಾಡಿಯ ಮೇಲಿನ ಬೆರಳು ನಿಂತಿತು. ಡಾಕ್ಟರು ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ನೆಲದ ಮೇಲೆ ಕೂತರು.

"ಅವತ್ತು ಆ ಅಜ್ಜಿನೂ ಇದೇ ಹೇಳಿದ್ರು" ಅಂದರು. ಅಧಿಕಾರಿಗೋ, ತಮಗೆ ತಾವೇ ಹೇಳಿಕೊಂಡದ್ದೋ. "ಇದೇ ಮಾತು. ಒಂದಕ್ಷರ ಆಚೀಚೆ ಇಲ್ಲ. ನಾನು ನಕ್ಕು, ಆಯ್ತು ಅಜ್ಜಿ ಅಂದೆ."

ಅಧಿಕಾರಿ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ, ಕೂರಲಿಲ್ಲ. "ನಾಳೆಯಿಂದ ನೀವು ಕೆಳಗೆ ಹೋಗೋದು ಬೇಡ" ಅಂದ. ಅಷ್ಟೇ. ಅದಕ್ಕಾಗಿಯೇ ಬಂದಿದ್ದೆವು. ಸಿಕ್ಕಿತು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ಅವತ್ತು ಮೆಟ್ಟಿಲ ಮೇಲೆ ಕೇಳಬೇಕಿದ್ದ ಬೂಟಿನ ಸದ್ದನ್ನು ಇವತ್ತು ಕೇಳಿಸಿಕೊಂಡು ಏನು ಮಾಡಲಿ?

ಅಧಿಕಾರಿಯೇ ಒಂದು ಲೋಟ ನೀರು ತಂದುಕೊಟ್ಟ. ಕುಡಿದೆ. ಲೋಟ ವಾಪಸು ಕೊಡುವಾಗ ಅವನ ಭಾಷೆಯಲ್ಲೇ, ತುಂಬಾ ಉಪಕಾರವಾಯಿತು ಅಂದೆ. ಹಾಳು ಅಭ್ಯಾಸ.

ಆಮೇಲೆ ಟೈಲರ್ ಅಕ್ಕನ ಕಡೆ ತಿರುಗಿದೆ. ಅವಳ ಮಾತಿನಲ್ಲಿ ಏನೋ ಹೇಳಬೇಕು ಅಂತ ಬಾಯಿ ತೆರೆದರೆ ಬಂದದ್ದು ಬೇರೆ. ಇಷ್ಟು ದಿನ ಒಳಗೆ ಗಟ್ಟಿಯಾಗಿ ಕೂತಿದ್ದದ್ದು ಒಮ್ಮೆಗೇ ಕಿತ್ತುಕೊಂಡು ಬಂತು. ಅತ್ತೇ ಅಂತ ಕೂಗಿದೆ, ನನ್ನ ಮಾತಿನಲ್ಲಿ. ಕೆಳಗೇ ಇದ್ದೆನಲ್ಲ ಅತ್ತೆ, ಒಂದು ಸಲ ಕರೆಯಬಾರದಿತ್ತೇ ಅಂತ ಅತ್ತುಬಿಟ್ಟೆ. ಟೈಲರ್ ಅಕ್ಕ ತನ್ನ ಮಾತಿನಲ್ಲಿ ಅತ್ತಳು, ಬೇಕರಿಯವನ ಹೆಂಡತಿ ಅವಳದರಲ್ಲಿ, ಬೀಗ ರಿಪೇರಿಯವನ ತಾಯಿ ಅವಳದರಲ್ಲಿ. ಹುಡುಗಿ ಗೋಡೆಯ ಹತ್ತಿರ ನಿಂತು ಕೇಳಿಸಿಕೊಂಡಳು. ಅಧಿಕಾರಿ, ಇವರು ಏನು ಹೇಳುತ್ತಿದ್ದಾರೆ ಅಂತ ಕೇಳುವವನಂತೆ ನನ್ನ ಕಡೆ ನೋಡಿದ. ನಾನು ಅದನ್ನು ಅವನ ಭಾಷೆಗೆ ತರಲಿಲ್ಲ.